ಊರ ತಿಜೋರಿಗೊಂದು ಹಗೇವು

ಲಾಭ ಹಂಚಿಕೊಳ್ಳುವ ಮೊದಲು ಕಾಯ್ದಿಡಬೇಕು ಎಂಬ ಪಾಠವನ್ನು ಕಣಗಿನಹಾಳದ ರೈತರು 1905ರಲ್ಲೇ ಕಲಿತರು. ಪಕ್ಕದ ಹುಲಕೋಟಿ ಅದೇ ಸಹಕಾರದ ಹಾದಿಯಲ್ಲಿ ನೂಲಿನ ಗಿರಣಿ ಕಟ್ಟಿತು. ಇದೇ ನೆಲದ ನಗರಸಭೆ, ಪುರಸಭೆ, ಪಂಚಾಯಿತಿಗಳು ನಾಳೆಗೆಂದು ಎತ್ತಿಡುವುದು ಎಷ್ಟು? ಬಜೆಟ್ ಕಾಲದಲ್ಲಿ ಪ್ರತಿ ಮನೆಯವರೂ ಕೇಳಬೇಕಾದ ಪ್ರಶ್ನೆ ಇದು.

ರಾತ್ರಿ ಎರಡು ಗಂಟೆ. ಬೆಟಗೇರಿಯ ಓಣಿಯೊಂದು ಗಾಢ ನಿದ್ದೆಯಲ್ಲಿದೆ. ನಾಯಿ ಬೊಗಳಿದರೂ ಏಳದವರು ನಳದ ಬಾಯಲ್ಲಿ ಗಾಳಿ ಬುಸುಗುಟ್ಟಿದ ಕೂಡಲೇ ಎದ್ದು ಕೂರುತ್ತಾರೆ. 'ಏಳ್ರೀ ಯವ್ವಾ, ನಳಾ ಬಂತು!' ಕೂಗು ಮನೆಯಿಂದ ಮನೆಗೆ ದಾಟುತ್ತದೆ. ದೀಪಗಳು ಸಾಲಾಗಿ ಹತ್ತುತ್ತವೆ.

ಮೊದಲು ಬರುವ ಕೆಂಪು ನೀರು ಬಚ್ಚಲಿಗೆ. ತಿಳಿಯಾದ ಮೇಲೆ ಬಿಳಿ ಬಟ್ಟೆ ಕಟ್ಟಿದ ಕುಡಿಯುವ ಕೊಡದ ಸರದಿ. ಆಮೇಲೆ ಬಕೆಟ್ಟು, ಹಂಡೆ, ನೀಲಿ ಡ್ರಮ್ಮು, ಮಾಳಿಗೆ ಮೇಲಿನ ಸಿಂಟೆಕ್ಸು. ಮುಂದಿನ ನೀರು ವಾರಕ್ಕೋ ಹತ್ತು ದಿನಕ್ಕೋ ಬರುತ್ತದೆ. ಬೇಸಿಗೆ ಬಿಗಿಯಾದರೆ ಇನ್ನೂ ತಡ.

ಎಲ್ಲ ತುಂಬಿದ ಮೇಲೆ ಮನೆಯ ಹಿರಿಯಾಕೆ ಮೂಲೆಯ ಒಂದು ಡ್ರಮ್ಮಿಗೆ ತಾಟು ಮುಚ್ಚಿ, ಮೇಲೊಂದು ಕಲ್ಲು ಇಡುತ್ತಾಳೆ. 'ಇದನ್ನ ಯಾರೂ ಮುಟ್ಟಬ್ಯಾಡ್ರಿ. ಮುಂದಿನ ನೀರು ಬಿಡೂತನಕ ಇದು ಇಲ್ಲ ಅಂತ ತಿಳೀರಿ.'

ಗದಗ ಸೀಮೆಯಲ್ಲಿ ಈ ಮಾತು ಕೇಳದೆ ಬೆಳೆದವರು ಕಡಿಮೆ. ಹಣಕಾಸಿನ ದೊಡ್ಡ ಪುಸ್ತಕಗಳು ಕಾಯ್ದಿಟ್ಟ ನಿಧಿಯ ಬಗ್ಗೆ ಹೇಳುವುದೆಲ್ಲ ಆಕೆಯ ಮಾತಿನಲ್ಲಿದೆ. ಇದ್ದರೂ ಇಲ್ಲವೆಂದು ತಿಳಿಯಬೇಕು, ಯಾವಾಗ ಮುಟ್ಟಬೇಕೆಂಬುದು ಮೊದಲೇ ಗೊತ್ತಿರಬೇಕು, ಮುಟ್ಟಿದರೆ ಮುಂದಿನ ನೀರಿಗೆ ಮೊದಲು ಅದನ್ನೇ ತುಂಬಬೇಕು.

ಮನೆಗೆ ಗೊತ್ತಿರುವ ಈ ನಿಯಮ ಊರಿನ ತಿಜೋರಿಗೂ ಬರಬೇಕು ಎಂಬುದು ಈ ಲೇಖನದ ಒತ್ತಾಯ.

30 ತಿಂಗಳು, 30 ವರ್ಷ

ಆ ರಾತ್ರಿ ನಳದಲ್ಲಿ ಬಂದದ್ದು ತುಂಗಭದ್ರೆಯ ನೀರು. ಮುಂಡರಗಿ ತಾಲ್ಲೂಕಿನ ನದಿ ದಂಡೆಯಲ್ಲಿ ಅದನ್ನು ಎತ್ತಬೇಕು, ಶುದ್ಧ ಮಾಡಬೇಕು, ಏರು ದಾಟಿಸಿ ಗದಗಕ್ಕೆ ತರಬೇಕು, ಟ್ಯಾಂಕಿಗೆ ಏರಿಸಬೇಕು, ಓಣಿ ಓಣಿಗೆ ವಾಲ್ವ್ ತಿರುಗಿಸಿ ಬಿಡಬೇಕು. 2011ರ ಜನಗಣತಿಯ ಪ್ರಕಾರವೇ ಗದಗ-ಬೆಟಗೇರಿಯಲ್ಲಿ 1.72 ಲಕ್ಷ ಜನ. ಈಗ ಊರು ಇನ್ನಷ್ಟು ಹಬ್ಬಿದೆ.

ನದಿಯಿಂದ ನಳದವರೆಗಿನ ಈ ಸರಪಳಿಯ ಪ್ರತಿ ಕೊಂಡಿಗೂ ಒಂದು ಆಯುಷ್ಯವಿದೆ. ಪಂಪು ತೇಯುತ್ತದೆ, ಕೊಳವೆ ತುಕ್ಕು ಹಿಡಿಯುತ್ತದೆ, ವಾಲ್ವ್ ಸೋರುತ್ತದೆ. ಯಾವುದು ಯಾವ ದಿನ ಕೆಡುತ್ತದೆ ಎಂದು ಹೇಳಲಾಗದು. ಆದರೆ ಸುಮಾರು ಯಾವ ವರ್ಷದ ಹೊತ್ತಿಗೆ ಬದಲಿಸಬೇಕಾಗುತ್ತದೆ ಎಂಬುದನ್ನು ಹಾಕಿದ ದಿನವೇ ಲೆಕ್ಕ ಹಾಕಬಹುದು.

ಮುಖ್ಯ ಕೊಳವೆಗಳನ್ನು ಸಾಮಾನ್ಯವಾಗಿ 30 ವರ್ಷದ ಬೇಡಿಕೆ ನೋಡಿ ಯೋಜಿಸುತ್ತಾರೆ. ನಗರಸಭೆಯ ಅಧ್ಯಕ್ಷರ ಅವಧಿ 30 ತಿಂಗಳು. ಈ ಎರಡು ಅಂಕಿಗಳ ನಡುವೆ ನಮ್ಮ ಊರುಗಳ ಸಂಕಟ ಸಿಕ್ಕಿಕೊಂಡಿದೆ.

30 ತಿಂಗಳಲ್ಲಿ ಒಂದು ವೃತ್ತ ಕಟ್ಟಿಸಬಹುದು, ಒಂದು ರಸ್ತೆಗೆ ಡಾಂಬರು ಹಾಕಿಸಬಹುದು, ಉದ್ಘಾಟನೆಯ ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. 12 ವರ್ಷದ ನಂತರ ಕೆಡಲಿರುವ ಪಂಪಿಗೆ ಇಂದೇ ಹಣ ಎತ್ತಿಟ್ಟವರ ಹೆಸರನ್ನು ಯಾವ ಕಲ್ಲಿನ ಮೇಲೂ ಕೆತ್ತುವುದಿಲ್ಲ. ಇದು ಯಾವುದೋ ಒಬ್ಬ ವ್ಯಕ್ತಿಯ, ಒಂದು ಪಕ್ಷದ ದೋಷವಲ್ಲ. ವ್ಯವಸ್ಥೆಯೇ ಹಾಗಿದೆ. ಆದ್ದರಿಂದ ವ್ಯಕ್ತಿಯ ಒಳ್ಳೆಯತನವನ್ನು ನೆಚ್ಚಿ ಕೂರದೆ ನಿಯಮವನ್ನೇ ಮಾಡಿಕೊಳ್ಳಬೇಕು.

[ಚೌಕಟ್ಟು] ಆಯುಷ್ಯದ ಲೆಕ್ಕ

ಕುಡಿಯುವ ನೀರಿನ ಯೋಜನೆ ರೂಪಿಸುವಾಗ ಎಂಜಿನಿಯರುಗಳು ಬಳಸುತ್ತ ಬಂದಿರುವ ಯೋಜನಾ ಅವಧಿ:
- ಅಣೆಕಟ್ಟೆಯ ಸಂಗ್ರಹ: 50 ವರ್ಷ
- ಮುಖ್ಯ ಕೊಳವೆ, ಓಣಿಯ ಕೊಳವೆ ಜಾಲ: 30 ವರ್ಷ
- ಪಂಪು, ಮೋಟಾರು: 15 ವರ್ಷ
- ಶುದ್ಧೀಕರಣ ಘಟಕ: 15 ವರ್ಷ

'ಉಳಿತಾಯ ಬಜೆಟ್' ಎಂಬ ಸುದ್ದಿ

ಪ್ರತಿ ವರ್ಷ ಫೆಬ್ರುವರಿ-ಮಾರ್ಚ್ ಬಂತೆಂದರೆ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಒಂದೇ ತರಹದ ತಲೆಬರಹ: ಇಂಥ ಪುರಸಭೆಯಿಂದ ಇಷ್ಟು ಲಕ್ಷ ರೂಪಾಯಿಯ ಉಳಿತಾಯ ಬಜೆಟ್. ಲಕ್ಷ್ಮೇಶ್ವರ, ಮುಂಡರಗಿಯ ಪುರಸಭೆ ಇರಲಿ, ಶಿರಹಟ್ಟಿಯ ಪಟ್ಟಣ ಪಂಚಾಯಿತಿ ಇರಲಿ, ರಾಜ್ಯದ ಯಾವ ಊರೇ ಇರಲಿ, ಬಜೆಟ್ ಮಂಡಿಸುವ ರೂಢಿ ಹೀಗೇ.

ಓದಿದವರಿಗೆ ಊರು ಹಣ ಉಳಿಸಿದೆ ಅನ್ನಿಸುತ್ತದೆ. ನಿಜವಾಗಿ ಅದು ಅಂದಾಜಿನ ಕೊನೆಯ ಸಾಲು. ಆರಂಭಿಕ ಶಿಲ್ಕಿಗೆ ವರ್ಷದ ನಿರೀಕ್ಷಿತ ಜಮಾ ಕೂಡಿಸಿ, ನಿರೀಕ್ಷಿತ ಖರ್ಚು ಕಳೆದರೆ ಸಿಗುವ ಅಖೇರಿ ಶಿಲ್ಕು.

ಆ ಜಮಾದಲ್ಲಿ ಇನ್ನೂ ಬಾರದ ಸರ್ಕಾರದ ಅನುದಾನವಿದೆ, ವಸೂಲಾಗದ ಹಳೆ ಕರಬಾಕಿಯಿದೆ. ಇಂಥದ್ದಕ್ಕೇ ಖರ್ಚು ಮಾಡಬೇಕೆಂದು ಕಟ್ಟಿಹಾಕಿದ ಹಣವೂ ಇದೆ. 2021-22ರಿಂದ 15ನೇ ಹಣಕಾಸು ಆಯೋಗ ಗ್ರಾಮ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅದನ್ನು ಬೇರೆಯದಕ್ಕೆ ತಿರುಗಿಸುವಂತಿರಲಿಲ್ಲ.

ಒಂದು ಸಣ್ಣ ಲೆಕ್ಕ ಹಿಡಿಯಿರಿ. ಜಮಾ ನೂರು ರೂಪಾಯಿ, ಖರ್ಚು 98 ಎಂದು ಬಜೆಟ್ ಪುಸ್ತಕದಲ್ಲಿದೆ. ಉಳಿತಾಯ ಎರಡು ರೂಪಾಯಿ. ವರ್ಷದ ಕೊನೆಗೆ ಬಂದದ್ದು 85. ಸಂಬಳ, ಕರೆಂಟ್ ಬಿಲ್ಲು, ಕಸದ ಗಾಡಿಯ ಡೀಸೆಲ್ ನಿಲ್ಲಿಸಲಾಗದು. ಹಾಗಾದರೆ ನಿಲ್ಲುವುದು ಯಾವುದು? ದುರಸ್ತಿ. ಈ ವರ್ಷ ಮಾಡದಿದ್ದರೂ ನಡೆದೀತು ಎನ್ನಿಸುವ ಕೆಲಸ ಅದೊಂದೇ.

ಹೀಗೆ ಹತ್ತು ವರ್ಷ ಮುಂದೂಡಿದ ದುರಸ್ತಿ ಒಂದು ದಿನ ಕೊಳವೆ ಒಡೆದು ರಸ್ತೆಯಲ್ಲಿ ಹೊಳೆಯಾಗಿ ಹರಿಯುತ್ತದೆ. ಆಗ ತುರ್ತು ಕಾಮಗಾರಿ. ತುರ್ತಿಗೆ ದರ ಹೆಚ್ಚು, ಪರಿಶೀಲನೆ ಕಡಿಮೆ.

ಮಾರ್ಚ್ ತಿಂಗಳ ಇನ್ನೊಂದು ಮುಖವೂ ಇದೆ. ಸರ್ಕಾರದ ಅನುದಾನ ಗಡುವಿನೊಳಗೆ ಖರ್ಚಾಗದಿದ್ದರೆ ಲ್ಯಾಪ್ಸ್ ಆಗುವ ಭಯ. ಹಾಗಾಗಿ ಕೊನೆಯ ವಾರಗಳಲ್ಲಿ ಬಿಲ್ಲುಗಳ ಓಟ. ಅನುದಾನ ಮಿಗಿಸಿದ ಊರಿಗೆ ಶಿಕ್ಷೆ, ಮುಗಿಸಿದ ಊರಿಗೆ ಶಹಬ್ಬಾಸ್. ನಾಳೆಗೆ ಎತ್ತಿಡುವ ಹಣ ಊರಿನ ಸ್ವಂತ ಆದಾಯದಿಂದಲೇ ಬರಬೇಕು ಎನ್ನುವುದಕ್ಕೆ ಇದೇ ಕಾರಣ.

ಕಣಗಿನಹಾಳದ ಪಾಠ

ಇದಕ್ಕೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳಕ್ಕೆ ಹೋದರೆ ಸಾಕು.

1905ರಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕಟ್ಟಿದ ಕೃಷಿ ಸಹಕಾರ ಪತ್ತಿನ ಸಂಘ ದೇಶದ ಮೊದಲನೆಯದೆಂದು ಹೆಸರಾಗಿದೆ. ಬರದ ಮೇಲೆ ಬರ ಕಂಡಿದ್ದ ಕಾಲ ಅದು. 1876-78ರ ಬರದ ನೆನಪು ಹಿರಿಯರಲ್ಲಿ ಹಸಿಯಾಗಿತ್ತು. ಬಿತ್ತುವ ಕಾಲಕ್ಕೆ ರೈತ ಸಾಹುಕಾರನ ಕಟ್ಟೆ ಹತ್ತಬೇಕು, ರಾಶಿಯ ಕಾಲಕ್ಕೆ ಬಡ್ಡಿಗೇ ಕಾಳು ಅಳೆಯಬೇಕು. ಅದರಿಂದ ಬಿಡಿಸಿಕೊಳ್ಳುವ ದಾರಿಯಾಗಿ ಸಂಘ ಬಂತು.

ಆ ಸಂಘ ಹುಟ್ಟಿದ್ದು 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆಯ ಅಡಿಯಲ್ಲಿ. ಆ ಕಾಯ್ದೆಯಲ್ಲಿ ಗ್ರಾಮೀಣ ಸಂಘಗಳಿಗೆ ಒಂದು ಕಟ್ಟುನಿಟ್ಟಿನ ಮಾತಿತ್ತು. ಲಾಭ ಬಂದರೆ ಸದಸ್ಯರು ಹಂಚಿಕೊಳ್ಳುವಂತಿಲ್ಲ, ಮೊದಲು ಕಾಯ್ದಿಟ್ಟ ನಿಧಿ ಬಲಿಯಬೇಕು. ಪಟ್ಟಣದ ಸಂಘಗಳೂ ಲಾಭದ ಕಾಲು ಭಾಗ ನಿಧಿಗೆ ಹಾಕದೆ ಲಾಭಾಂಶ ಕೊಡುವಂತಿರಲಿಲ್ಲ.

1912ರ ಕಾಯ್ದೆ ಆ ಕಾಲು ಭಾಗದ ನಿಯಮವನ್ನು ಮುಂದುವರಿಸಿತು. ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ 1959ರಲ್ಲೂ ಅದೇ ಉಳಿದಿದೆ: ನಿವ್ವಳ ಲಾಭದ ಕನಿಷ್ಠ ಶೇ 25ರಷ್ಟು ಕಾಯ್ದಿಟ್ಟ ನಿಧಿಗೆ. ಊರಿನ ಸೊಸೈಟಿಯ ವಾರ್ಷಿಕ ಸಭೆಗೆ ಹೋದ ಯಾವ ರೈತನಿಗೂ ಅಡಾವೆ ಪತ್ರಿಕೆಯ ಆ ಸಾಲು ಗೊತ್ತು. ಅಧ್ಯಕ್ಷ ಯಾರೇ ಬರಲಿ, ಆ ಕಾಲು ಭಾಗ ಅವರ ಕೈಗೆ ಸಿಗುವುದಿಲ್ಲ.

ಇಲ್ಲಿನ ರೈತರು ಈ ಮಾತನ್ನು ಬೇಗ ಅರಿತದ್ದರಲ್ಲಿ ಆಶ್ಚರ್ಯವಿಲ್ಲ. ಕಾಯ್ದೆ ಬರುವ ಎಷ್ಟೋ ಮೊದಲೇ ಅವರ ಮನೆಯ ಮುಂದೆ ಹಗೇವು ಇತ್ತು.

[ಚೌಕಟ್ಟು] ಹಗೇವು

ನೆಲದೊಳಗೆ ತೋಡಿದ ಜೋಳದ ಕಣಜ. ತಳಕ್ಕೂ ಗೋಡೆಗೂ ಒಣ ಹುಲ್ಲು ಕೊಟ್ಟು, ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಹೊದಿಸಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಕಾರಣ ಕಾಳು ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತಿತ್ತು. ತೆರೆದ ಕೂಡಲೇ ಒಳಗಿಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಜೀವ ತೆಗೆಯಬಲ್ಲದು. ಬಾಯಿ ತೆರೆದು ಗಾಳಿಯಾಡಿಸಿ, ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಇಳಿಯಬೇಕು. ತುಂಬುವುದಕ್ಕೆ ಒಂದು ಕ್ರಮ, ತೆರೆಯುವುದಕ್ಕೆ ಇನ್ನೊಂದು ಕ್ರಮ.

ಹುಲಕೋಟಿ ಕಟ್ಟಿದ್ದು

ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವ ಹೆದ್ದಾರಿಯಲ್ಲಿ ಗದಗಕ್ಕೆ ಸ್ವಲ್ಪ ಮೊದಲು ಸಿಗುವ ಊರು ಹುಲಕೋಟಿ. 'ಹುಲಕೋಟಿ ಹುಲಿ' ಎಂದೇ ಹೆಸರಾದ ಕೆ.ಎಚ್. ಪಾಟೀಲರು (1925-1992) ಇದೇ ಊರಿನವರು. ಸಚಿವರಾಗಿ ದೊಡ್ಡ ಹುದ್ದೆ ಕಂಡರೂ ಈ ಭಾಗದಲ್ಲಿ ಜನ ಅವರನ್ನು ನೆನೆಯುವುದು ಸಹಕಾರಿ ಧುರೀಣರೆಂದು.

ಹತ್ತಿ ಬೆಳೆದವನ ಕೈಗೆ ನೂಲಿನ ಬೆಲೆಯೂ ಬರಲಿ ಎಂದು ಇಲ್ಲಿ ಸಹಕಾರಿ ನೂಲಿನ ಗಿರಣಿ ಎದ್ದಿತು. ಗದಗದಲ್ಲಿ 1917ರಲ್ಲೇ ಹತ್ತಿ ಮಾರಾಟ ಸಹಕಾರ ಸಂಘ ಹುಟ್ಟಿತ್ತು. ಗಿರಣಿ ಆ ಹಾದಿಯ ಮುಂದಿನ ಮಜಲು. ಕೃಷಿ ವಿಜ್ಞಾನ ಕೇಂದ್ರವೂ ಇದೇ ಊರಿನಲ್ಲಿದೆ. ಒಣಭೂಮಿಯ ರೈತನಿಗೆ ಬದು, ಕೃಷಿ ಹೊಂಡ ಹೇಳಿಕೊಡುವುದೂ ಕಾಯ್ದಿಡುವ ಪಾಠವೇ. ಬಿದ್ದ ಮಳೆಯನ್ನು ಹರಿಯಬಿಡದೆ, ಬೆಳೆ ಬಾಡುವ ವಾರಕ್ಕೆಂದು ಹಿಡಿದಿಡುವುದು.

ಗಿರಣಿಯಂಥ ಸಹಕಾರಿ ಉದ್ಯಮ ಬೆಳೆಗಾರರ ಸಣ್ಣ ಸಣ್ಣ ಪಾಲುಬಂಡವಾಳದ ಮೇಲೆ ನಿಲ್ಲುತ್ತದೆ. ಯಂತ್ರ ಸವೆಯುತ್ತದೆ ಎಂಬುದನ್ನು ಲೆಕ್ಕದಲ್ಲಿ ಒಪ್ಪಿಕೊಂಡರೆ ಮಾತ್ರ ಅದು ಬಾಳುತ್ತದೆ. ಸವಕಳಿಯ ಹಣ ತಿಂದ ಗಿರಣಿ ಇವತ್ತಲ್ಲ ನಾಳೆ ಬಾಗಿಲು ಹಾಕುತ್ತದೆ. ಊರಿನ ನೀರಿನ ವ್ಯವಸ್ಥೆಯೂ ಒಂದು ಗಿರಣಿಯೇ. ಅದಕ್ಕೂ ಯಂತ್ರವಿದೆ, ಅದೂ ಸವೆಯುತ್ತದೆ.

ನಗರ ಸ್ಥಳೀಯ ಸಂಸ್ಥೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು 2006ರಲ್ಲಿ ಬಂದ ಮೇಲೆ ಜೋಡಿ ನಮೂದಿನ ಲೆಕ್ಕ ಬಂತು, ಆಸ್ತಿಯ ಸವಕಳಿ ಬರೆಯುವುದೂ ಬಂತು. ಒಳ್ಳೆಯದೇ. ಆದರೆ ಸವಕಳಿ ಎಂದು ಬರೆದ ಮಾತ್ರಕ್ಕೆ ಅಷ್ಟು ಹಣ ಬ್ಯಾಂಕಿಗೆ ಹೋಗುವುದಿಲ್ಲ. ಕಾಗದದ ಆ ಸಾಲಿಗೆ ಜೋಡಿಯಾಗಿ ಒಂದು ಪಾಸ್‌ಬುಕ್ ಬೇಕು.

ಐದು ರೂಪಾಯಿಯ ಕ್ಯಾನು

ಹತ್ತಿರದಿಂದ ನೋಡಲು ಒಂದು ಉದಾಹರಣೆ ತೆಗೆದುಕೊಳ್ಳೋಣ: ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕ.

ಗದಗ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರು ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ ಬಿಗಿಯುತ್ತದೆ. ಹುಲಕೋಟಿಯವರೇ ಆದ ಎಚ್.ಕೆ. ಪಾಟೀಲರು 2013ರಿಂದ 2018ರವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಇಂಥ ಘಟಕಗಳು ರಾಜ್ಯದ ಹಳ್ಳಿಹಳ್ಳಿಗೂ ಬಂದವು. ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಎಷ್ಟೋ ಹಳ್ಳಿಗೆ ಅದು ವರವೇ ಆಯಿತು.

ಆದರೆ ರಾಜ್ಯದ ಅನೇಕ ಊರುಗಳಲ್ಲಿ ಕೆಲವು ವರ್ಷಕ್ಕೆ ಘಟಕ ಕೆಟ್ಟು ಬೀಗ ಬಿದ್ದದ್ದನ್ನೂ ನೋಡಿದ್ದೇವೆ. ಕಟ್ಟುವುದಕ್ಕೆ ಅನುದಾನವಿತ್ತು. ಒಳಗಿನ ಮೆಂಬ್ರೇನ್ ಸವೆದಾಗ ಬದಲಿಸುವುದಕ್ಕೆ ಯಾವ ಶಿರೋನಾಮೆಯಲ್ಲೂ ಹಣವಿರಲಿಲ್ಲ.

ಲೆಕ್ಕ ಹೀಗಿದೆ. ದಿನಕ್ಕೆ 200 ಕ್ಯಾನು ಹೋಗುವ ಘಟಕ, ಕ್ಯಾನಿಗೆ ಐದು ರೂಪಾಯಿ ಎಂದು ಹಿಡಿಯಿರಿ. ದಿನಕ್ಕೆ ಸಾವಿರ ರೂಪಾಯಿ. ಪ್ರತಿ ಕ್ಯಾನಿನಿಂದ ಎಂಟಾಣೆ ಬೇರೆ ಖಾತೆಗೆ ಹೋಗಲಿ. ದಿನಕ್ಕೆ 100, ವರ್ಷಕ್ಕೆ 36,500, ಮೂರು ವರ್ಷಕ್ಕೆ 1,09,500 ರೂಪಾಯಿ. ಮೆಂಬ್ರೇನ್ ಕೈಕೊಟ್ಟ ಬೆಳಿಗ್ಗೆ ಯಾರ ಕಚೇರಿಯ ಬಾಗಿಲಲ್ಲೂ ಕಾಯಬೇಕಿಲ್ಲ. ಮೆಕ್ಯಾನಿಕ್‌ಗೆ ಫೋನು ಮಾಡಿದರೆ ಆಯಿತು. ಬೀಗ ಬಿದ್ದ ಘಟಕಕ್ಕೂ ನಡೆಯುವ ಘಟಕಕ್ಕೂ ನಡುವೆ ಇರುವುದು ಕ್ಯಾನಿಗೆ ಎಂಟಾಣೆಯ ಶಿಸ್ತು.

ಶಾಸನದಲ್ಲೂ ಇದೆ

ಗದಗದಿಂದ ಸ್ವಲ್ಪ ದೂರದ ಲಕ್ಕುಂಡಿಯ ಗುಡಿಗಳನ್ನು ನೋಡಿದವರು ಶಿಲ್ಪ ನೋಡಿ ಬೆರಗಾಗುತ್ತಾರೆ. ಕನ್ನಡನಾಡಿನ ಶಾಸನಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು. ದತ್ತಿ ಬಿಟ್ಟ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು 'ಖಂಡಸ್ಫುಟಿತ ಜೀರ್ಣೋದ್ಧಾರ'. ಒಡೆದದ್ದು, ಬಿರುಕುಬಿಟ್ಟದ್ದು, ಹಳತಾದದ್ದನ್ನು ಸರಿಪಡಿಸುವುದಕ್ಕೆ ಎಂದರ್ಥ. ಕಟ್ಟಡಕ್ಕೆ ಬಿಟ್ಟ ಭೂಮಿಯ ಉತ್ಪನ್ನದಲ್ಲೇ ದುರಸ್ತಿಯ ಪಾಲನ್ನೂ ಸೇರಿಸಿರುತ್ತಿದ್ದರು. ಕೆರೆಗಳ ನಿರ್ವಹಣೆಗೆ 'ಬಿತ್ತುವಟ್ಟ' ಎಂಬ ಏರ್ಪಾಡಿತ್ತು.

ಕಟ್ಟುವ ದಿನವೇ ದುರಸ್ತಿಯ ಹಣವನ್ನೂ ಕಟ್ಟಿಡಬೇಕು ಎಂಬ ವಿವೇಕ ಈ ನೆಲಕ್ಕೆ ಹೊಸದಲ್ಲ. ಅದನ್ನು ನಡುವೆ ಎಲ್ಲೋ ಕಳೆದುಕೊಂಡಿದ್ದೇವೆ.

ಬೀಜಕ್ಕೆ ಒಂದು ಸಾಲ, ಬಾವಿಗೆ ಇನ್ನೊಂದು

ಹಾಗಾದರೆ ದೊಡ್ಡ ಕಾಮಗಾರಿಗಳನ್ನೆಲ್ಲ ಕೂಡಿಟ್ಟ ಹಣದಲ್ಲೇ ಮಾಡಬೇಕೇ? ಬೇಕಿಲ್ಲ. ಇದಕ್ಕೂ ನಮ್ಮ ರೈತನೇ ಗುರು.

ಬೀಜ, ಗೊಬ್ಬರಕ್ಕೆ ಆತ ಸೊಸೈಟಿಯಲ್ಲಿ ಬೆಳೆಸಾಲ ತೆಗೆಯುತ್ತಾನೆ, ಸುಗ್ಗಿಗೆ ತೀರಿಸುತ್ತಾನೆ. ಬಾವಿ ತೋಡಲು, ಟ್ರ್ಯಾಕ್ಟರ್ ಕೊಳ್ಳಲು ಪಿಎಲ್‌ಡಿ ಬ್ಯಾಂಕಿನ ದೀರ್ಘಾವಧಿ ಸಾಲ. ಬಾವಿ ನೀರು ಕೊಡುವಷ್ಟು ಕಾಲ ಕಂತು ನಡೆಯುತ್ತದೆ. ಬೀಜಕ್ಕೆ ಹತ್ತು ವರ್ಷದ ಸಾಲ ಮಾಡಿದವನು ಕೆಟ್ಟ, ಬಾವಿಗೆ ಆರು ತಿಂಗಳ ಸಾಲ ಮಾಡಿದವನೂ ಕೆಟ್ಟ.

ಊರಿಗೂ ಇದೇ ಮಾತು. ಸಂಬಳ, ವಿದ್ಯುತ್ ವರ್ಷದ ಆದಾಯದಲ್ಲಿ ತೀರಬೇಕು. 30 ವರ್ಷ ಬಾಳುವ ಕೊಳವೆಗೆ ದೀರ್ಘಾವಧಿ ಸಾಲ ಮಾಡಿದರೆ ತಪ್ಪಿಲ್ಲ. ಮುಂದೆ ನೀರು ಕುಡಿಯುವವರೂ ಕಂತಿನಲ್ಲಿ ಪಾಲು ಕೊಡುತ್ತಾರೆ. ಬೆಂಗಳೂರು ಮಹಾನಗರ ಪಾಲಿಕೆ 1997ರಲ್ಲಿ 125 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿ ದೇಶಕ್ಕೇ ಮೊದಲನೆಯದಾಯಿತು. 2005ರಲ್ಲಿ ಬೆಂಗಳೂರು ಸುತ್ತಲಿನ ಎಂಟು ಪಟ್ಟಣಗಳು ಒಟ್ಟಾಗಿ, ನೀರಿನ ಯೋಜನೆಗೆಂದು 100 ಕೋಟಿ ಎತ್ತಿದವು. ಒಂಟಿಯಾಗಿ ಯಾರೂ ಸಾಲ ಕೊಡದ ಸಣ್ಣ ಊರುಗಳು ಒಟ್ಟಾಗಿ ನಿಂತು ಸಾಲ ಪಡೆದವು. ಕಣಗಿನಹಾಳದ ರೈತರು ಮಾಡಿದ್ದೂ ಇದನ್ನೇ.

ಇನ್ನೊಂದು ಎಚ್ಚರಿಕೆ ಆಸ್ತಿಯದು. ಗದಗದ ವಕಾರ ಸಾಲಿನಂಥ ಜಾಗಗಳು, ಮಾರುಕಟ್ಟೆಯ ಮಳಿಗೆಗಳು ಊರಿನ ಮೂಲ ಬಂಡವಾಳ. ಬಾಡಿಗೆ ಬಂದರೆ ಅದು ಬೆಳೆ. ಜಾಗವನ್ನೇ ಮಾರಿ ಕರೆಂಟ್ ಬಿಲ್ಲು ಕಟ್ಟುವುದು ಬಿತ್ತನೆಯ ಬೀಜವನ್ನು ಕುಟ್ಟಿ ತಿಂದಂತೆ.

ಏನು ಮಾಡಬಹುದು?

ಮೊದಲಿಗೆ ಒಂದು ಪಟ್ಟಿ. ಊರಿನ ಪ್ರತಿ ಪಂಪು, ಟ್ಯಾಂಕು, ಕೊಳವೆ, ಕಸದ ಗಾಡಿ ಯಾವ ವರ್ಷದ್ದು, ಯಾವಾಗ ಬದಲಿಸಬೇಕು, ಅಂದಾಜು ಎಷ್ಟಾಗುತ್ತದೆ ಎಂಬ ಪಟ್ಟಿ. ಅದನ್ನು ಕಚೇರಿಯ ಗೋಡೆಗೆ ಹಾಕಬೇಕು. ಹತ್ತು ವರ್ಷದ ಕಾಮಗಾರಿ ಯೋಜನೆ ಎಂದರೆ ಈ ಪಟ್ಟಿಯನ್ನು ವರ್ಷವಾರು ಜೋಡಿಸಿದ್ದು, ಅಷ್ಟೇ. ಪ್ರತಿ ಮಾರ್ಚಿಗೆ ಕಳೆದ ವರ್ಷ ಅಳಿಸಿ, ತುದಿಗೆ ಹೊಸ ವರ್ಷ ಸೇರಿಸುತ್ತ ಹೋಗುವುದು.

ಎರಡನೆಯದು, ಶೇಕಡಾವಾರು ಮೀಸಲು. ನಮ್ಮ ನಗರಸಭೆಗಳಿಗೆ ಇದು ಅಪರಿಚಿತವಲ್ಲ. ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂದು ತೆಗೆದಿಡುವುದು ಪ್ರತಿ ಬಜೆಟ್ಟಿನಲ್ಲೂ ಇದೆ. ನ್ಯಾಯಕ್ಕಾಗಿ ತೆಗೆದಿಡಲು ಸಾಧ್ಯವಾದರೆ ನಾಳೆಗಾಗಿಯೂ ಸಾಧ್ಯ. ಮೊದಲ ವರ್ಷ ಸ್ವಂತ ಆದಾಯದ ನೂರಕ್ಕೆ ಎರಡೇ ರೂಪಾಯಿ ಇರಲಿ. ಪ್ರತ್ಯೇಕ ಖಾತೆ ಇರಲಿ. ತೆಗೆಯಬೇಕಾದರೆ ಮೂರನೇ ಎರಡರಷ್ಟು ಸದಸ್ಯರ ಠರಾವು ಬೇಕು, ಮರಳಿ ತುಂಬುವ ದಿನಾಂಕವೂ ಠರಾವಿನಲ್ಲೇ ಇರಬೇಕು.

'ಈವತ್ತೇ ನೀರಿಲ್ಲ, ನಾಳೆಗೆ ಕೂಡಿಡೋದು ಎಲ್ಲಿಂದ್ರೀ?' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಹತ್ತು ದಿನಕ್ಕೊಮ್ಮೆ ನೀರು ಬರುವ ಮನೆಯಲ್ಲೇ ಆ ಒಂದು ಡ್ರಮ್ಮು ಮುಚ್ಚಿಡುತ್ತಾರೆ. ದಿನವೂ ನೀರು ಬರುವವರಿಗೆ ಅದರ ಗರಜಿಲ್ಲ. ಬಡ ಊರಿಗೇ ಕಾಯ್ದಿಟ್ಟ ನಿಧಿ ಹೆಚ್ಚು ಬೇಕು.

ಮೂರನೆಯದು ನಮ್ಮ ಪಾಲು. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5ರ ರಿಯಾಯಿತಿ ಸಿಗುತ್ತದೆ. ಕರ ಕಟ್ಟಿದವನಿಗೆ ಪ್ರಶ್ನೆ ಕೇಳುವ ಧ್ವನಿಯೂ ಗಟ್ಟಿಯಾಗುತ್ತದೆ. ಬಜೆಟ್ಟಿಗೆ ಮೊದಲು ನಗರಸಭೆ, ಪುರಸಭೆಗಳು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ಅಲ್ಲಿ ಖುರ್ಚಿಗಳು ಖಾಲಿ ಇರಬಾರದು.

[ಚೌಕಟ್ಟು] ಪೂರ್ವಭಾವಿ ಸಭೆಯಲ್ಲಿ ಕೇಳಲು ಐದು ಪ್ರಶ್ನೆ

1. ಕಳೆದ ವರ್ಷ ಅಂದಾಜಿಸಿದ ಜಮಾ ಎಷ್ಟು, ನಿಜವಾಗಿ ಬಂದದ್ದೆಷ್ಟು?
2. ಈ ಸಾರೆಯ ಉಳಿತಾಯದಲ್ಲಿ ಸ್ವಂತ ಹಣವೆಷ್ಟು, ಕಟ್ಟಿಹಾಕಿದ ಅನುದಾನವೆಷ್ಟು?
3. ನೀರಿನ ಪಂಪುಗಳಿಗೆ ಎಷ್ಟು ವರ್ಷವಾಯಿತು? ಬದಲಿಸಲು ಹಣ ಯಾವ ಖಾತೆಯಲ್ಲಿದೆ?
4. ಹೊಸ ಕಾಮಗಾರಿಗಳ ನಿರ್ವಹಣೆಗೆ ವರ್ಷಕ್ಕೆ ಎಷ್ಟು ಬೇಕು?
5. ಕರಬಾಕಿಯಲ್ಲಿ ದೊಡ್ಡ ಬಾಕಿದಾರರ ಪಾಲೆಷ್ಟು?

ಬೆಟಗೇರಿಯ ಆ ಓಣಿಗೆ ಮರಳೋಣ. ಒಂಬತ್ತನೆಯ ದಿನ. ಸಿಂಟೆಕ್ಸು ಖಾಲಿ, ಹಂಡೆ ಖಾಲಿ. ಎಲ್ಲೋ ಕೊಳವೆ ಒಡೆದಿದೆಯಂತೆ, ನೀರು ಇನ್ನೂ ಮೂರು ದಿನ ತಡವಂತೆ. ಹಿರಿಯಾಕೆ ಮೂಲೆಗೆ ಹೋಗಿ ಕಲ್ಲು ತೆಗೆದು ಪಕ್ಕಕ್ಕಿಡುತ್ತಾಳೆ, ತಾಟು ಎತ್ತುತ್ತಾಳೆ. ಮನೆಯಲ್ಲಿ ಆ ದಿನ ಅನ್ನ ಬೇಯುತ್ತದೆ, ಮಕ್ಕಳು ಮುಖ ತೊಳೆದು ಶಾಲೆಗೆ ಹೋಗುತ್ತಾರೆ.

ಒಡೆದ ಕೊಳವೆಯ ಬಳಿ ನಿಂತ ಎಂಜಿನಿಯರ್‌ಗೂ ಅಂಥದ್ದೊಂದು ಮುಚ್ಚಿಟ್ಟ ಡ್ರಮ್ಮು ಬೇಕು. ಅದಿದ್ದರೆ ಆ ಮೂರು ದಿನ ಒಂದು ದಿನವಾಗುತ್ತದೆ.